ಕುಸುಬಿ ಹೂವಿನ ಹಳದಿ

ನನ್ನ ತಮ್ಮ ಬ್ಯಾಕ್ಟೀರಿಯಾಗಳಿಗೆ ಕುಸುಬಿ ಹೂವಿನ ಬಣ್ಣ ಮಾಡಲು ಕಲಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ನಮ್ಮನ್ನು ಮಾತಾಡಿಸಲು ಬಂದವರು ಅವನು ಧಾರವಾಡದಲ್ಲಿ ಏನು ಓದುತ್ತಿದ್ದ ಎಂದು ಕೇಳಿದರೆ ನಾನು ಇಷ್ಟೇ ಹೇಳುತ್ತಿದ್ದೆ. ಕೆಲವರು ತಲೆ ಆಡಿಸುತ್ತಿದ್ದರು. ಕೆಲವರು ದುಃಖದಲ್ಲಿ ಇವಳ ಬುದ್ಧಿ ಎಲ್ಲೋ ಹೋಗಿದೆ ಎಂದುಕೊಂಡಿರಬೇಕು. ನಮ್ಮ ಓಣಿಯ ಹಿರಿಯರೊಬ್ಬರು, "ಕುಸುಬಿ ಹೊಲದಾಗ ತಾನ ಬೆಳೀತೈತೆಲ್ಲವಾ. ಅದನ್ನ ಹುಳಕ್ಕ ಯಾಕ ಕಲಿಸಬೇಕು?" ಎಂದು ನೇರವಾಗಿ ಕೇಳಿದರು.

ಈ ಪ್ರಶ್ನೆಗೆ ತಮ್ಮ ಇದ್ದಿದ್ದರೆ ಅರ್ಧ ತಾಸು ಉತ್ತರ ಹೇಳುತ್ತಿದ್ದ. ನಾನು ಹತ್ತನೇ ತರಗತಿ ಮುಗಿಸಿ ಹೊಲಿಗೆ ಕಲಿತವಳು. ನನಗೆ ಗೊತ್ತಿರುವುದೆಲ್ಲ ಅವನು ಹೇಳಿದ್ದು. ಅದನ್ನೇ ಬರೆಯುತ್ತಿದ್ದೇನೆ. ಅಳು ಕಡಿಮೆಯಾಗಿದೆ, ಆದರೆ ಅವನ ಮೇಲೆ ಒಂದು ಸಿಟ್ಟು ಉಳಿದಿದೆ, ಅದು ಇಳಿಯುತ್ತಿಲ್ಲ.

ನಮ್ಮೂರು ಶಲವಡಿಯ ಆಚೆ. ನನ್ನನ್ನು ಕೊಟ್ಟ ಮನೆಯೂ ಅದೇ ಊರಿನಲ್ಲಿ, ತವರಿನಿಂದ ಎರಡು ಓಣಿ ದೂರ. ತವರಿನ ಎರೆಹೊಲದಲ್ಲಿ ಜೋಳ, ಕಡಲೆ ಹಾಕಿದಾಗ ಸುತ್ತಲೂ ಕುಸುಬಿಯ ಸಾಲು ಹಾಕುತ್ತಾರೆ. ಮುಳ್ಳಿನ ಗಿಡವಾದ್ದರಿಂದ ದನ ಒಳಗೆ ಬರುವುದಿಲ್ಲ. ಬೀಜ ಗಾಣಕ್ಕೆ ಹೋಗುತ್ತದೆ. ಹೂವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅರಳಿದಾಗ ಹಳದಿ, ಬಾಡುತ್ತಾ ಬಂದಂತೆ ಕೆಂಪು, ಆಮೇಲೆ ಒಣಗಿ ಹೋಗುತ್ತದೆ.

ತಮ್ಮ ಧಾರವಾಡದಲ್ಲಿ ಸಂಶೋಧನೆಗೆ ಸೇರಿದ ವರ್ಷ ಆ ಹೂವಿನ ಎಸಳು ಬೇಕು ಎಂದ. ಬಿಡಿಸುವವಳು ನಾನು. ಬೆಳಗ್ಗೆ ಇಬ್ಬನಿ ಆರುವ ಮೊದಲೇ ಹೋಗಬೇಕು, ಆಗ ಮುಳ್ಳು ಸ್ವಲ್ಪ ಮೆತ್ತಗಿರುತ್ತದೆ. ಬಿಸಿಲೇರಿದರೆ ಬೆರಳಿಗೆ ಸುತ್ತಿದ ಬಟ್ಟೆಯನ್ನೂ ದಾಟಿ ಚುಚ್ಚುತ್ತದೆ. ನಾನು ಬೈಯುತ್ತಾ ಬಿಡಿಸುತ್ತಿದ್ದೆ, ಅವನು ಚೀಲ ಹಿಡಿದು ನಿಂತು ಯಾವುದನ್ನು ಬಿಡಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳುತ್ತಿದ್ದ.

"ಲೇ, ಬಾಯಿಲೇ ಕೆಲಸಾ ಮಾಡಬ್ಯಾಡ. ನೀನೂ ಒಂದೀಟು ಕೈ ಹಾಕು."

"ನನ್ನ ಬೆರಳಿಗೆ ಗಾಯ ಆದ್ರ ಲ್ಯಾಬಿನ್ಯಾಗ ಕೆಲಸಾ ನಡಿಯಂಗಿಲ್ಲ ಅಕ್ಕಾ."

"ನನ್ನ ಬೆರಳಿಗೆ ಗಾಯ ಆದ್ರ ಊರ ಹೆಂಗಸರ ಜಂಪರ ನೀ ಹೊಲೀತೀ ಏನು?"

ಒಂದು ಸಲ ಅವನು ಅವ್ವನಿಗೆ ಆ ಬಣ್ಣ ತೋರಿಸಿದ. ಎಸಳನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿ ಹಿಂಡಿ ಹಳದಿಯನ್ನೆಲ್ಲ ಹೊರಗೆ ಹಾಕಿದ. ಆಮೇಲೆ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರಿನಲ್ಲಿ ನೆನೆಸಿದ. ನೀರು ಕಂದು ಬಣ್ಣಕ್ಕೆ ತಿರುಗಿತು. ನನ್ನ ಹೊಲಿಗೆಯ ಬುಟ್ಟಿಯಿಂದ ಬಿಳಿ ಹತ್ತಿಬಟ್ಟೆಯ ತುಂಡೊಂದನ್ನು ಅದರಲ್ಲಿ ಬಿಟ್ಟು ಮೇಲೆ ಲಿಂಬೆಹಣ್ಣು ಹಿಂಡಿದ. ನೋಡುತ್ತಿದ್ದಂತೆ ಬಟ್ಟೆ ಗುಲಾಬಿಯಾಯಿತು, ಇನ್ನೊಂದು ಹಣ್ಣು ಹಿಂಡಿದ ಮೇಲೆ ಕೆಂಪಾಯಿತು.

ಅವ್ವ ಬಟ್ಟೆ ನೋಡಲಿಲ್ಲ, ಸಿಪ್ಪೆ ನೋಡಿದಳು. "ಖೋಡಿ, ಉಪ್ಪಿನಕಾಯಿಗೆ ಇಟ್ಟ ಲಿಂಬಿಹಣ್ಣ ಎಲ್ಲಾ ಹಿಂಡಿ ಒಗದೆಲ್ಲೋ!"

"ಸುಮ್ಮನಿರಬೇ. ಬುಟ್ಟಿ ತುಂಬ ಪಕಳಿ ತಂದೀವಿ, ಕೆಂಪು ಬಂದದ್ದು ಇಷ್ಟ ನೋಡು. ಈ ಕೆಂಪಿಗೆ ಪ್ಯಾಟ್ಯಾಗ ಎಷ್ಟು ಬೆಲಿ ಐತಿ ಗೊತ್ತೇನು? ತಿನ್ನೂ ಪದಾರ್ಥಕ್ಕ ಹಾಕತಾರ, ಔಷಧಕ್ಕ ಹಾಕತಾರ. ಇದನ್ನ ಮಾಡೂ ವಿದ್ಯಾ ಕುಸುಬಿ ಗಿಡದಾಗ ಬರದೈತಿ. ಅದನ್ನ ಎತ್ತಿ ಒಂದು ಹುಳದೊಳಗ ಕೂಡ್ರಸಬೇಕು. ಹುಳ ಸಕ್ರಿ ತಿಂದು ಬಣ್ಣ ಮಾಡತೈತಿ. ಹೊಲಾ ಬ್ಯಾಡ, ಮಳಿ ಬ್ಯಾಡ, ಅಕ್ಕನ ಬೈಗಳಾನೂ ಬ್ಯಾಡ."

"ಯಾವ ಹುಳಾನೋ?"

"ನಮ್ಮ ಹೊಟ್ಟಿ ಕರುಳಿನ್ಯಾಗ ಇರತೈತಲ್ಲ, ಅದರ ಜಾತೀದು."

ಅವ್ವ ನನ್ನ ಕಡೆ ನೋಡಿದಳು. "ಇಷ್ಟ ವರ್ಷ ಓದಿಸಿದ್ದು ಹೊಲಸಿನ ಹುಳಾ ಸಾಕಾಕೇನು?"

ನಗುವುದು ಮುಗಿದ ಮೇಲೆ ಅವನು ತನ್ನ ಕಷ್ಟ ಹೇಳಿದ. ಆ ದಿನ ಹೇಳಿದ್ದು ನನಗೆ ಮರೆತಿಲ್ಲ. ಹುಳಕ್ಕೆ ಆ ಬಣ್ಣದಿಂದ ಯಾವ ಉಪಯೋಗವೂ ಇಲ್ಲ, ನಮ್ಮ ಸಲುವಾಗಿ ಮಾತ್ರ ದುಡಿಯಬೇಕು. ಕೋಟಿಗಟ್ಟಲೆ ಹುಳಗಳಲ್ಲಿ ಯಾವುದೋ ಒಂದು ಕೆಲಸ ಬಿಟ್ಟು ಕೂರುತ್ತದೆ. ಕೆಲಸ ಬಿಟ್ಟದ್ದು ಬೇಗ ಬೇಗ ಮರಿ ಹಾಕುತ್ತದೆ, ದುಡಿಯುವುದು ಹಿಂದೆ ಬೀಳುತ್ತದೆ. ಒಂದು ಸಕ್ಕರೆ ನೀರಿನಿಂದ ಇನ್ನೊಂದು ನೀರಿಗೆ ಹಾಕುತ್ತಾ ಹೋದರೆ ಕೊನೆಗೆ ಉಳಿಯುವುದು ಬರೀ ಬಿಟ್ಟಿ ತಿನ್ನುವವು.

"ಅಂದ್ರ ನಿನ್ನಂಗ," ಎಂದಳು ಅವ್ವ. ಆಮೇಲೆ, "ದಿನಾ ಹೆಪ್ಪು ಹಾಕಿಕೋತ ಹೋಗೋ. ನಮ್ಮ ಅತ್ತಿ ಹಾಕಿದ ಹೆಪ್ಪು ಇನ್ನೂ ನಡದೈತಿ. ಎಂದರ ಮೊಸರು ಆಗೂದು ಮರತೈತೇನು?" ಎಂದಳು.

"ಹೆಪ್ಪಿನ ಹುಳಕ್ಕ ಹಾಲು ಹುಳಿ ಮಾಡೂದ ಜೀವನಬೇ. ಇವಕ್ಕ ಬಣ್ಣ ಮಾಡೂದು ಜೀತ. ಹೆಪ್ಪು ಹಾಕಿದಂಗ ಹಾಕಿದ್ರ ಕೆಟ್ಟು ಹೋಗತಾವ. ಛೊಲೋ ಬಣ್ಣ ಮಾಡೋವನ್ನ ಹಿಡದು ಅಗದಿ ಥಂಡ್ಯಾಗ ಗಟ್ಟಿ ಮಾಡಿ ಇಡಬೇಕು. ಪ್ರತಿ ಸಲ ಅಲ್ಲಿಂದ ತಗದು ಹೊಸದಾಗಿ ಶುರು ಮಾಡಬೇಕು."

ಇದು ಅವನೇ ಹೇಳಿದ ಮಾತು. ಸಾಕ್ಷಿಗೆ ಅವ್ವ ಇದ್ದಳು, ನಾನಿದ್ದೆ.

ಕೆಂಪು ಬಣ್ಣಕ್ಕೆ ಹಲವು ಮೆಟ್ಟಿಲು ಇದ್ದವಂತೆ. ಹಳದಿಯವರೆಗೆ ಬಂದರೆ ಅರ್ಧ ಗೆದ್ದಂತೆ ಎನ್ನುತ್ತಿದ್ದ. ವರ್ಷಗಟ್ಟಲೆ ಏನೂ ಬರಲಿಲ್ಲ. ಊರಿಗೆ ಬಂದರೆ ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದ. ಒಂದು ದಿನ ಮಧ್ಯಾಹ್ನ ನಾನು ಮಷಿನ್ನಿನ ಮೇಲೆ ಕುಳಿತಿದ್ದಾಗ ಮೊಬೈಲಿಗೆ ಫೋಟೋ ಬಂತು. ಫ್ಲಾಸ್ಕ್ ಎನ್ನುವ ಗಾಜಿನ ಬುರುಡೆಯಲ್ಲಿ ಹಳದಿ ನೀರು. ಹಿಂದೆಯೇ ಅವನ ಫೋನು.

"ಅಕ್ಕಾ, ಬಂತು ನೋಡು!"

ನಾನು ಚೇಷ್ಟೆಗೆ, "ಲೇ, ಇದು ದವಾಖಾನ್ಯಾಗ ತಪಾಸಣಿಗೆ ಕೊಡೂ ಬಾಟ್ಲಿ ಕಂಡಂಗ ಕಾಣತೈತೆಲ್ಲೋ," ಎಂದೆ. ಅವನು ಫೋನ್ ಇಟ್ಟ. ಆ ವಾರವೆಲ್ಲ ಮಾತಾಡಲಿಲ್ಲ. ಅವನು ಹಾಗೆಯೇ. ತನ್ನ ವಸ್ತುವಿನ ಬಗ್ಗೆ ತಮಾಷೆಯನ್ನೂ ಸಹಿಸುತ್ತಿರಲಿಲ್ಲ.

ಬಣ್ಣ ಮಾಡುವ ಆ ಹುಳಗಳನ್ನು ಪುಟ್ಟ ಶೀಶೆಗಳಲ್ಲಿ ತುಂಬಿ, ವಿಭಾಗದ ದೊಡ್ಡ ಫ್ರೀಜರಿನಲ್ಲಿ ಗಟ್ಟಿ ಮಾಡಿ ಇಟ್ಟ. ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದವಳು ಕಲಘಟಗಿ ಕಡೆಯ ಒಬ್ಬಳು ಹುಡುಗಿ, ಎಂಎಸ್ಸಿ ಮುಗಿಸಿ ಸಂಶೋಧನೆಗೆ ಸೇರಿದವಳು. ಅವಳಿಗೂ ಆ ಶೀಶೆ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಬೇರೆ ಲ್ಯಾಬಿನವರು ಎತ್ತಿಕೊಂಡು ಹೋಗಿ ತಮ್ಮ ಹೆಸರಿನಲ್ಲಿ ಬರೆದುಬಿಡುತ್ತಾರೆ ಎಂಬ ಭಯ ಅವನಿಗೆ.

ಆ ಬೇಸಿಗೆಯಲ್ಲಿ ಅವನಿಗೆ ಜ್ವರ ಶುರುವಾಯಿತು, ಬಿಡಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ನಾನು ಮಷಿನ್ನಿಗೆ ಬಟ್ಟೆ ಮುಚ್ಚಿ ಅವನ ಹತ್ತಿರ ಹೋಗಿ ಉಳಿದೆ. ಅವ್ವ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದಳು. ಅವನು ಅದನ್ನು ಬಾಯಿಗೆ ಹಾಕಿಕೊಂಡು, "ನನ್ನ ಹುಳಕ್ಕೂ ಒಂದೀಟು ಇಡಬೇ," ಎಂದ. ಅವ್ವ ಸೆರಗಿನ ಮರೆಯಲ್ಲಿ ಅತ್ತಳು.

ಅವನ ರಕ್ತನಾಳಕ್ಕೆ ಕೊಡುತ್ತಿದ್ದ ಔಷಧಗಳಲ್ಲಿ ಒಂದು ಸದಾಪುಷ್ಪದ ಗಿಡದಿಂದ ಬರುತ್ತದೆ ಎಂದು ಅವನೇ ಹೇಳಿದ. ತಿಪ್ಪೆಯ ಪಕ್ಕದಲ್ಲೂ ಬೆಳೆಯುವ, ದನ ಮೂಸಿಯೂ ನೋಡದ ಗಿಡ. "ಗಾಡಿಗಟ್ಲೆ ಎಲಿ ಒಣಗಿಸಿದ್ರ ಚಿಟಿಕಿ ಅಷ್ಟ ಸಿಗತೈತಿ ಅಕ್ಕಾ. ಇದನ್ನೂ ಹುಳದ ಕೈಲೆ ಮಾಡಸಾಕ ಜಗತ್ತಿನ್ಯಾಗ ಮಂದಿ ಒದ್ದಾಡಾಕತ್ತಾರ." ನನಗೆ ರೇಗಿತು. "ಯಾರರ ಮಾಡ್ಲಿ. ಈಗ ನಿನ್ನ ಮೈಗೆ ಹತ್ತಿದ್ರ ಸಾಕು, ಸುಮ್ನ ಮಲಗು," ಎಂದೆ. ಅದು ಅವನ ಮೈಗೆ ಹತ್ತಲಿಲ್ಲ.

ಅಲ್ಲಿದ್ದಾಗಲೇ ಆ ಹುಡುಗಿಯ ಫೋನ್ ಬಂತು. ಅವನ ಕೈಗೆ ಸೂಜಿ ಚುಚ್ಚಿದ್ದರಿಂದ ಫೋನನ್ನು ನಾನೇ ಅವನ ಕಿವಿಯ ಹತ್ತಿರ ಹಿಡಿದಿದ್ದೆ, ಸ್ಪೀಕರ್ ಹಾಕಿ. ವಿಭಾಗದ ಫ್ರೀಜರ್ ಕೆಟ್ಟು ಒಳಗಿದ್ದದ್ದೆಲ್ಲ ಕರಗಿ ಹಾಳಾಗಿದೆ, ದುರಸ್ತಿಗೆ ಮೇಲಿನವರ ಸಹಿ ಆಗಬೇಕು ಎನ್ನುತ್ತಿದ್ದಾರೆ ಎಂದಳು. ಅದೃಷ್ಟಕ್ಕೆ, ಅವನೇ ಹಿಂದಿನ ದಿನ ಫೋನಿನಲ್ಲಿ ಹೇಳಿ ತೆಗೆಸಿದ್ದರಿಂದ ಅವಳು ಹೊರಗೆ ಬೆಳೆಸಿದ್ದ ಒಂದು ಗಾಜಿನ ನಳಿಗೆಯ ಹುಳ ಚೆನ್ನಾಗಿದ್ದವು.

"ಬಾಜೂ ವಿಭಾಗದವರ ಫ್ರೀಜರ್ ಐತ್ರಿ ಅಣ್ಣಾರ. ಕೇಳಿದ್ರ ಜಾಗಾ ಕೊಡತಾರ. ಇವತ್ತ ಗಟ್ಟಿ ಮಾಡಿ ಅಲ್ಲೆ ಇಡಲ್ರೀ?"

"ಬ್ಯಾಡ."

"ಹಂಗಾದ್ರ ಎಲ್ಲೆ ಇಡಬೇಕ್ರಿ?"

"ಎಲ್ಲೂ ಇಡಬ್ಯಾಡ. ದಿನಾ ಹೊಸಾ ನೀರಿಗೆ ಹಾಕಿಕೋತ ನಡಸು. ಹೆಪ್ಪು ಹಾಕತಾರಲ್ಲ, ಹಂಗ. ಹದಿನೈದು ದಿನದಾಗ ನಾ ಬರತೀನಿ. ಬ್ಯಾರೆ ಮಂದಿ ಕೈಯಾಗ ಕೊಟ್ಟಿ ಅಂದ್ರ ನೋಡು ಮತ್ತ."

"ಅಣ್ಣಾರ, ಹಂಗ ಮಾಡಿದ್ರ..." ಎಂದಳು. "ಹೇಳಿದಷ್ಟು ಮಾಡು," ಎಂದ. ನಾನು ಅವನ ಮುಖ ನೋಡಿದೆ. ಅವ್ವನಿಗೆ ಹೆಪ್ಪಿನ ಪಾಠ ಹೇಳಿದವನು ಇವನೇ ಅಲ್ಲವೇ ಎಂದುಕೊಂಡೆ. ಕೇಳಲಿಲ್ಲ. ಜ್ವರದ ಬೆವರಿನಲ್ಲಿ ಒದ್ದೆಯಾಗಿದ್ದವನ ಹತ್ತಿರ ಹುಳದ ಮಾತು ತೆಗೆದು ವಾದ ಮಾಡುವುದು ಹೇಗೆ?

ಆ ಮೇಲೆ ಅವನು ದಿನವೂ ಫೋನ್ ಹಚ್ಚಿಸುತ್ತಿದ್ದ. "ಜೀವಂತ ಅದಾವಿಲ್ಲ?" "ಅದಾವ್ರಿ ಅಣ್ಣಾರ." ಅವಳು ಹೇಳಿದ್ದು ನಿಜವೇ. ಅವು ಜೀವಂತ ಇದ್ದವು. ಹದಿನೈದು ದಿನದಲ್ಲಿ ಅವನು ಹೋಗಲಿಲ್ಲ. ಮಳೆಗಾಲ ಬಂತು, ಹೋಯಿತು. ಮಾತು ನಿಲ್ಲುವವರೆಗೂ ಅವನು ಕೇಳುತ್ತಿದ್ದದ್ದು ಅದೊಂದೇ.

ಮಣ್ಣು ಮಾಡಿ ಬಂದ ದಿನ ಮನೆಯಲ್ಲಿದ್ದ ಹಾಲು, ಮೊಸರು, ಅಡುಗೆ ಎಲ್ಲವನ್ನೂ ಚೆಲ್ಲಿ ಗಡಿಗೆ ತೊಳೆದರು. ಅಜ್ಜಿಯ ಕಾಲದ ಹೆಪ್ಪೂ ಅದರಲ್ಲೇ ಹೋಯಿತು. ಮೂರನೇ ದಿನದ ಕಾರ್ಯವಾದ ಮೇಲೆ ಬಾಜೂ ಮನೆಯಾಕೆ ಒಂದು ವಾಟಗದಲ್ಲಿ ಹೆಪ್ಪು ತಂದುಕೊಟ್ಟಳು.

ಕೆಲವು ತಿಂಗಳಾದ ಮೇಲೆ ತಮ್ಮನ ಮಾರ್ಗದರ್ಶಕರು ನನಗೆ ಫೋನ್ ಮಾಡಿದರು. ಅವನ ಕೆಲಸವನ್ನು ಲೇಖನವಾಗಿ ಕಳಿಸಬೇಕೆಂದಿದ್ದಾರೆ, ಮೊದಲ ಹೆಸರು ಅವನದೇ ಇರುತ್ತದೆ. ಆದರೆ ಅಚ್ಚು ಹಾಕುವವರು ಮತ್ತೊಮ್ಮೆ ಮಾಡಿ ತೋರಿಸಿ ಎಂದು ಕೇಳಿಯೇ ಕೇಳುತ್ತಾರೆ, ಅದಕ್ಕೆ ಅವನ ಹುಳಗಳನ್ನು ಬೆಳೆಸಿ ಹಳದಿ ಬರುತ್ತದೆಯೇ ನೋಡುತ್ತಿದ್ದೇವೆ. "ನಿಮಗ ನೋಡಬೇಕು ಅನಿಸಿದ್ರ ಬರ್ರಿ," ಎಂದರು. ಅವ್ವನಿಗೆ ಹೇಳಿದಾಗ, "ಹಳದಿ ಬಂದ್ರ ಅವನ ಹೆಸರು ಪುಸ್ತಕದಾಗ ಬರತೈತೇನು?" ಎಂದು ಎರಡೆರಡು ಸಲ ಕೇಳಿದಳು. ಬರುತ್ತದೆ ಎಂದೆ. ಬೆಳಗಿನ ಬಸ್ಸಿಗೆ ನಾನೊಬ್ಬಳೇ ಹೋದೆ.

ಲ್ಯಾಬಿನಲ್ಲಿ ಒಂದು ಪೆಟ್ಟಿಗೆಯಂಥ ಯಂತ್ರ ಬುರುಡೆಗಳನ್ನು ಅಲುಗಿಸುತ್ತಿತ್ತು. ಆ ಹುಡುಗಿ ಬಾಗಿಲು ತೆಗೆದು ಒಂದನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದಳು. ಗಂಜಿಯ ತಿಳಿಯ ಹಾಗಿತ್ತು. ಎರಡನೆಯದು, ಮೂರನೆಯದು, ಎಲ್ಲವೂ ಹಾಗೆಯೇ. ಹುಳ ಬೇಕಾದಷ್ಟು ಬೆಳೆದಿದ್ದವು. ಹಳದಿ ಒಂದು ಹನಿಯೂ ಇರಲಿಲ್ಲ. ನಾನು ಕಿಟಕಿಯ ಹತ್ತಿರ ಒಯ್ದು ನೋಡಿದೆ, ನೆರಳಿಗೆ ಹಿಡಿದು ನೋಡಿದೆ. ಅವಳು ನನ್ನನ್ನು ತಡೆಯಲಿಲ್ಲ.

ಮಾರ್ಗದರ್ಶಕರು ತಮ್ಮ ಕೋಣೆಗೆ ಇಬ್ಬರನ್ನೂ ಕರೆದರು. ನನಗೆ ಕುರ್ಚಿ ಕೊಟ್ಟರು, ಅವಳನ್ನು ನಿಲ್ಲಿಸಿಯೇ ಮಾತಾಡಿದರು.

"ತಿಂಗಳುಗಟ್ಲೆ ಒಂದರಿಂದ ಒಂದಕ್ಕ ಹಾಕಿಕೋತ ಕೂತಿದ್ದೀ? ಎಂಎಸ್ಸಿ ಮೊದಲನೇ ವರ್ಷದವರೂ ಹಿಂಗ ಮಾಡಂಗಿಲ್ಲ. ಬಾಜೂ ಫ್ರೀಜರ್ ಇತ್ತಲ್ಲ, ಕಣ್ಣ ಕಾಣಲಿಲ್ಲೇನು?"

ಅವಳು ನೆಲ ನೋಡುತ್ತಾ ನಿಂತಳು.

"ಕೇಳಾಕತ್ತೀನಿ. ಯಾರನ್ನ ಕೇಳಿ ಮಾಡಿದಿ?"

"ನಾನ ಮಾಡೀನ್ರಿ ಸರ್."

ಅವರು ನನ್ನ ಕಡೆ ತಿರುಗಿದರು. ಅನುದಾನ ಕೊಟ್ಟವರಿಗೆ ವರದಿ ಬರೆಯಬೇಕು ಎಂದರು. ಸಹಾಯಕಿಯ ನಿರ್ಲಕ್ಷ್ಯದಿಂದ ಹುಳ ಹಾಳಾದವು ಎಂದು ಬರೆದರೆ ತಮ್ಮನ ಹಿಂದಿನ ಫಲಿತಾಂಶದ ಮೇಲೆ ಯಾರೂ ಬೆರಳು ಇಡುವುದಿಲ್ಲ, ಅವನ ಹೆಸರು ಉಳಿಯುತ್ತದೆ. ಅವಳ ಸಂಶೋಧನಾ ವೇತನ ಮಾತ್ರ ಬಹುಶಃ ನಿಲ್ಲುತ್ತದೆ. ಇದನ್ನು ಅವರು ಅವಳ ಎದುರಿಗೇ ಹೇಳಿದರು. ಅವಳು ಆಗಲೂ ಬಾಯಿ ಬಿಡಲಿಲ್ಲ. ಬಿಟ್ಟೇ ಬಿಡುತ್ತಾಳೆ ಎಂದು ಕಾದೆ. ಅವಳು ಹೇಳಿಬಿಟ್ಟಿದ್ದರೆ ನಾನು ಹೇಳಬೇಕಾಗುತ್ತಿರಲಿಲ್ಲ. ಆ ಕ್ಷಣ ನನಗೆ ಸಿಟ್ಟು ಬಂದದ್ದು ಮೊದಲು ಅವಳ ಮೇಲೆಯೇ.

"ನಮ್ಮ ತಮ್ಮನ ಹೇಳಿದ್ದ್ರಿ," ಎಂದೆ.

"ಏನ್ರಿ?"

"ದಿನಾ ಹೆಪ್ಪು ಹಾಕಿದಂಗ ಹಾಕು ಅಂತ. ಬ್ಯಾರೆಯವರ ಫ್ರೀಜರ್‌ದಾಗ ಇಡಬ್ಯಾಡ ಅಂತ. ಆಕಿ ಇಡತೀನಿ ಅಂದ್ಲು, ಅಂವಾ ಬ್ಯಾಡ ಅಂದ. ಫೋನ್ ನಾನ ಹಿಡದಿದ್ದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂವಾ ಹಂಗ ಹೇಳೂ ಹುಡುಗ ಅಲ್ಲರೀ. ಅವನಿಗೆ ಗೊತ್ತಿತ್ತು."

"ಗೊತ್ತಿತ್ರಿ. ನಮ್ಮ ಅವ್ವಗೂ ಹೇಳಿದ್ದ."

"ಈ ಮಾತು ವರದ್ಯಾಗ ಬಂದ್ರ ಏನಾಗತೈತಿ ಗೊತ್ತೇನ್ರಿ? ಮೊದಲ ಬಂದ ಹಳದೀನೂ ಖರೇನೋ ಸುಳ್ಳೋ ಅಂತ ಕೇಳತಾರ."

"ಹಳದಿ ಖರೇ ಬಂದಿತ್ರಿ. ಫೋಟೋ ನನ್ನ ಹತ್ರ ಐತಿ."

"ಫೋಟೋ ಯಾರೂ ನಂಬಂಗಿಲ್ಲವಾ," ಎಂದರು. ಧ್ವನಿಯಲ್ಲಿ ಕೋಪ ಇರಲಿಲ್ಲ, ದಣಿವಿತ್ತು. ಕನ್ನಡಕ ಮತ್ತೆ ಹಾಕಿಕೊಂಡು ಅವಳಿಗೆ ಕುಳಿತುಕೊಳ್ಳಲು ಹೇಳಿದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಲೇಖನ ಈಗ ಕಳಿಸಲು ಆಗುವುದಿಲ್ಲ ಎಂದರು. ಅವಳು ಮೊದಲಿನಿಂದ ಮಾಡಲಿ, ಬಂದರೆ ಆಗ ನೋಡೋಣ. ಆಗ ಮೊದಲ ಹೆಸರು ಮಾಡಿದವಳದೇ ಆಗುತ್ತದೆ ಎಂದೂ ಹೇಳಿದರು. ನಾನು ತಲೆ ಆಡಿಸಿದೆ.

ಹೊರಗೆ ಬಂದ ಕೂಡಲೆ ಆ ಹುಡುಗಿ ಅಳುತ್ತಲೇ ನನ್ನ ಮೇಲೆ ಹರಿಹಾಯ್ದಳು. "ಯಾಕ ಹೇಳಿದ್ರಿ ಅಕ್ಕಾರ? ನಾ ಹೆಂಗರ ಅನುಭವಸ್ತಿದ್ದೆ. ಅಣ್ಣಾರ ಹೆಸರು ಹೋತಲ್ರಿ."

"ನೀ ಯಾಕ ಅಂವಾ ಹೇಳಿದಂಗ ಕೇಳಿದಿ? ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ರಿ. ಆದ್ರ ಆಸ್ಪತ್ರ್ಯಾಗ ಮಲಗಿದವರಿಗೆ ಇಲ್ಲ ಅಂತ ಹೆಂಗ ಅನ್ನೂದ್ರಿ? ಕದ್ದು ಇಡಬೇಕು ಅಂತ ಎರಡು ಸಲ ಹೋಗಿದ್ದೆ ಬಾಜೂ ವಿಭಾಗಕ್ಕ. ಬಾಗಲದಿಂದ ತಿರುಗಿ ಬಂದೆ."

ನಾನೂ ಅವನಿಗೆ ಇಲ್ಲ ಎನ್ನಲಿಲ್ಲವಲ್ಲ. ಅವಳು ಆ ಬುರುಡೆಗಳನ್ನು ಏನು ಮಾಡಲಿ ಎಂದು ಕೇಳಿದಳು. ಹುಳವನ್ನು ಹಾಗೇ ಚೆಲ್ಲುವಂತಿಲ್ಲ, ದೊಡ್ಡ ಕುಕ್ಕರಿನಂಥದ್ದರಲ್ಲಿ ಕುದಿಸಿ ಸಾಯಿಸಿ ಚೆಲ್ಲಬೇಕಂತೆ. "ಒಂದನ್ನರ ಇಟಗೊಳ್ಳೂಣೇನ್ರಿ?" ಎಂದಳು. ಏನೆಂದು ಇಟ್ಟುಕೊಳ್ಳುವುದು? ಅವನು ಮಾತು ನಿಲ್ಲುವವರೆಗೂ ಜೀವಂತ ಇವೆಯೇ ಎಂದು ಕೇಳಿದ್ದು ಇವುಗಳನ್ನೇ. ಇದ್ದವು, ಅವನು ಕಲಿಸಿದ್ದು ಒಂದೂ ಅವುಗಳಲ್ಲಿ ಇರಲಿಲ್ಲ. "ಎಲ್ಲಾನೂ ಕುದಸು," ಎಂದೆ. ಜೋರಾಗಿ ಹೇಳಿದೆನೇನೋ, ಕಾರಿಡಾರಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಬಸ್ಸಿನಲ್ಲಿ ನವಲಗುಂದದವರೆಗೂ ಅವನ ಜೊತೆ ಮನಸ್ಸಿನಲ್ಲೇ ಜಗಳಾಡಿದೆ. ಯಾರು ಕದಿಯುತ್ತಿದ್ದರೋ ನಿನ್ನದನ್ನು? ಒಂದು ಶೀಶೆ ಬಾಜೂ ಕೋಣೆಯಲ್ಲಿ ಇಟ್ಟಿದ್ದರೆ ಏನು ಹೋಗುತ್ತಿತ್ತು? ಬದುಕಿದ್ದರೆ ಒಂದು ವಾರ ಮಾತು ಬಿಡುತ್ತಿದ್ದ, ಆಮೇಲೆ ತಾನಾಗಿ ಫೋನ್ ಮಾಡುತ್ತಿದ್ದ. ಈಗ ನಾನು ಎಷ್ಟು ಬೈದರೂ ಅವನಿಗೆ ಸಿಟ್ಟು ಬರುವುದಿಲ್ಲ. ಅದಕ್ಕೇ ಬೈದು ಬೈದು ಸಾಕಾಗುತ್ತಿಲ್ಲ.

ತವರಿಗೆ ಹೋದಾಗ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಬಂತೇನು?"

"ಇಲ್ಲ."

"ಆ ಹುಡಿಗಿ ಕೆಡಿಸಿದಳೇನು?"

"ಆಕಿ ಅಲ್ಲಬೇ. ನಿನ್ನ ಮಗನ ಕೆಡಿಸಿದ." ನಡೆದದ್ದೆಲ್ಲ ಹೇಳಿದೆ, ನಾನು ಬಾಯಿ ಬಿಟ್ಟದ್ದನ್ನೂ.

ಅವನು ಹೋದಂದಿನಿಂದ ಅವ್ವ ಅವನ ಬಗ್ಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ, ಯಾರಿಗೂ ಆಡಲು ಬಿಟ್ಟಿರಲಿಲ್ಲ. ನನ್ನ ಮೇಲೆ ಮೊರ ಎಸೆಯುತ್ತಾಳೆ ಎಂದುಕೊಂಡೆ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಸಣ್ಣಾಂವ ಇದ್ದಾಗ ಬುಗರಿ ಯಾರೂ ಮುಟ್ಟಬಾರದು ಅಂತ ಚಣ್ಣದ ಕಿಸೇದಾಗ ಇಟಗೊಂಡ ಬಾವ್ಯಾಗ ಜಿಗದಾಂವ ಅಂವಾ," ಎಂದಳು. "ದಂಡಿ ಮ್ಯಾಲೆ ಇಟ್ಟ ಹೋಗಲೇ ಅಂದ್ರ, ಕದೀತಾರಬೇ ಅಂದ. ಬುಗರಿ ತಳಕ್ಕ ಹೋತು. ಬಾವಿ ನೀರು ಎಲ್ಲಾ ಜಗ್ಗಿಸು ಅಂತ ಹೊರಳಾಡಿ ಅತ್ತ. ಆ ಬುದ್ಧಿ ಹೋಗಲೇ ಇಲ್ಲ ಭಾಡ್ಯಾಂದು."

"ಆ ಹುಡಿಗಿ ಅಣ್ಣಾರ ಅಣ್ಣಾರ ಅಂತ ಅಳಾಕತ್ತಿತ್ತು."

"ಅಳಸೂದ ಅವನ ಕೆಲಸ. ಎಲ್ಲಾರನ್ನೂ ಅಳಸಿ ಹೋಗಿ ಮಲಕೊಂಡ."

ಅವಳು ಬೈಯುತ್ತಾ ಹೋದಳು. ಊಟಕ್ಕೆ ಕರೆದರೆ ಬಾರದ್ದು, ಔಷಧ ನುಂಗದೆ ದಿಂಬಿನ ಕೆಳಗೆ ಇಟ್ಟದ್ದು, ಮದುವೆ ಮಾತು ತೆಗೆದರೆ ಬಸ್ ಹತ್ತಿ ಹೋದದ್ದು, ಒಂದನ್ನೂ ಬಿಡಲಿಲ್ಲ. ನಾನೂ ನನ್ನ ಪಾಲಿನದನ್ನು ಸೇರಿಸಿದೆ. ಇಬ್ಬರ ಧ್ವನಿಯೂ ಏರಿತು. ಬಾಜೂ ಮನೆಯಾಕೆ ಬಾಗಿಲಲ್ಲಿ ನಿಂತು, "ಯಾರಿಗೆ ಬೈಯಾಕತ್ತೀರಿಬೇ ತಾಯಿ ಮಗಳು ಕೂಡಿ?" ಎಂದು ಕೇಳಿದಳು.

ಅವ್ವ ಮೊರ ಎಳೆದುಕೊಂಡು ಜೋಳ ಕೇರತೊಡಗಿದಳು. ಆಕೆ ಹೋದ ಮೇಲೆ ಅವ್ವ ಮತ್ತೆ ಬೈಯಲು ಶುರು ಮಾಡಿದಳು.